ಹೊಗೆಸೊಪ್ಪಿನ ಬಣ್ಣದ ಕಾರ್ಬುರೇಟರ್

ಹುಣಸೆಹಣ್ಣು ಕಿವುಚಿದರೆ ನನಗೆ ಪೆಟ್ರೋಲ್ ವಾಸನೆ ಬರುತ್ತದೆ. ನಗಬೇಡಿ. ಇವತ್ತು ಬೆಳಿಗ್ಗೆಯೂ ಸಾರಿಗೆಂದು ನೆನೆಹಾಕಿದ್ದ ಹುಣಸೆಹಣ್ಣನ್ನು ಕಿವುಚುತ್ತಾ ಎರಡು ಸಲ ಸ್ಟೌ ಕಡೆ ನೋಡಿದೆ, ಮೂರನೇ ಸಲ ಕೈ ಮೂಸಿಕೊಂಡೆ. "ಇನ್ನೂ ಹೋಗಿಲ್ವೇನೇ ಆ ವಾಸ್ನೆ?" ಎಂದರು ನಮ್ಮ ಯಜಮಾನರು, ಪೇಪರಿನ ಹಿಂದಿನಿಂದ. ಅವರ ಪಕ್ಕದ ಕಿಟಕಿಯ ಮೇಲೆ ಎಚ್.ಡಿ. ಕೋಟೆಯವರೊಬ್ಬರು ಬಿಟ್ಟುಹೋದ ಹಳೆಯ ಕಾರ್ಬುರೇಟರ್ ಪ್ಲಾಸ್ಟಿಕ್ ಕವರಿನಲ್ಲಿ ಒಂದು ತಿಂಗಳಿಂದ ಕೂತಿದೆ. ಕಣ್ಣಿನ ಆಪರೇಷನ್ ಆಗಿದೆ, ಬೆರಳಿನ ಗಂಟು ನೋಯುತ್ತದೆ, ಇನ್ನು ನನ್ನ ಕೈಲಾಗದು ಎಂದು ಹೇಳಿಬಿಟ್ಟಿದ್ದೇನೆ. ಅವರು ವಾಪಸ್ ತೆಗೆದುಕೊಂಡು ಹೋಗಲು ಇನ್ನೂ ಬಂದಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ಹುಣಸೂರಿನ ಬಸ್ ಸ್ಟ್ಯಾಂಡಿನ ಹಿಂದೆ ನಮ್ಮದೊಂದು ಬೈಕ್ ರಿಪೇರಿ ಅಂಗಡಿ ಇತ್ತು. ಮುಂದೆ ಅಂಗಡಿ, ಹಿಂದೆ ಮನೆ. ಎಂಜಿನ್ನಿನ ಒಳಗಿನದೆಲ್ಲ ಯಜಮಾನರಿಗೆ ಅಂಗೈ ಮೇಲಿನ ಗೆರೆಯಷ್ಟು ಗೊತ್ತು. ಹೊರಗೆ ಬೆರಳುದ್ದ ಮಸಿ ಕೂತಿದ್ದರೂ ಅವರ ಕಣ್ಣಿಗೆ ಬೀಳದು. ನನಗೋ ಮಸಿ ಕಂಡರೆ ಮೈ ಉರಿಯುತ್ತದೆ. ಅವರು ಕಾರ್ಬುರೇಟರ್ ಬಿಚ್ಚಿ, ಒಳಗೆ ಗಾಳಿ ಹೊಡೆದು ಪಕ್ಕಕ್ಕಿಟ್ಟರೆ, ನಾನು ಹಳೇ ಹಲ್ಲುಜ್ಜುವ ಬ್ರಷ್ ಹಿಡಿದು ಅದರ ಮೈ ತಿಕ್ಕಲು ಕೂರುತ್ತಿದ್ದೆ. "ಅದೇನು ಊಟದ ತಟ್ಟೆಯೇನೇ?" ಎಂದು ಮೊದಮೊದಲು ರೇಗಿಸಿದರು. ಗಿರಾಕಿಗಳೇ "ಅಕ್ಕನ ಕೈಲಿ ಒಂದ್ಸಲ ಉಜ್ಜುಸ್ಬುಡಿ" ಎನ್ನತೊಡಗಿದ ಮೇಲೆ ಸುಮ್ಮನಾದರು. ಪಿರಿಯಾಪಟ್ಟಣ, ಕೆ.ಆರ್. ನಗರದಿಂದೆಲ್ಲ ಹಳೆಯ ಗಾಡಿಗಳ ಕಾರ್ಬುರೇಟರ್ ಚೀಲದಲ್ಲಿ ಬರುತ್ತಿದ್ದವು. ನನಗೆ ಜಂಬ ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಹಾಗಿರುವಾಗ ಒಂದು ದಿನ ಕಟ್ಟೆಮಳಲವಾಡಿಯಿಂದ ಚಲುವರಾಜು ಎಂಬವರು ಬಂದು ಬಟ್ಟೆಗಂಟು ಬಿಚ್ಚಿದರು. ಒಳಗಿದ್ದ ಕಾರ್ಬುರೇಟರಿನ ಮೈ ತುಂಬಾ ಬಿಳಿ ಬೂಷ್ಟು, ಸಂದಿಯಲ್ಲೆಲ್ಲ ಹಸಿರು ಕಿಲುಬು. ಮುಚ್ಚಳವೇ ಇಲ್ಲ.

"ಮುಚ್ಚಳ ಎಲ್ಲಿ?" ಎಂದರು ಯಜಮಾನರು.

"ಅದು ಅಣ್ಣನ ಮನೇಲಿ, ಗಾಡೀಲೇ ಅದೆ ಕಣಣ್ಣ."

ಹಾರನಹಳ್ಳಿಯಲ್ಲಿ ಅಣ್ಣತಮ್ಮಂದಿರು ಪಾಲಾದಾಗ ತೀರಿಹೋದ ಅಪ್ಪನ ಬೈಕು ಅಣ್ಣ ಬೋರೇಗೌಡರ ಪಾಲಿಗೆ ಹೋಗಿತ್ತು. ತಮ್ಮ ಚಲುವರಾಜು ಸಿಟ್ಟಿನಲ್ಲಿ ಸ್ಪ್ಯಾನರ್ ತಂದು ಕಾರ್ಬುರೇಟರ್ ಬಿಚ್ಚಿಕೊಂಡು ಹೆಂಡತಿಯ ಊರಾದ ಕಟ್ಟೆಮಳಲವಾಡಿಗೆ ಬಂದುಬಿಟ್ಟಿದ್ದರು. ಆ ಗಾಡಿಗಳಲ್ಲಿ ಕಾರ್ಬುರೇಟರಿನ ಮುಚ್ಚಳ ಆಕ್ಸಿಲರೇಟರ್ ಕೇಬಲ್ಲಿನ ತುದಿಗೆ ಸೇರಿಕೊಂಡಿರುತ್ತದೆ, ಹಾಗಾಗಿ ಅದೊಂದು ಅಲ್ಲೇ ಉಳಿಯಿತು. ಹನ್ನೊಂದು ವರ್ಷ ಗಾಡಿ ಅಲ್ಲಿ ನಿಂತಿತ್ತು, ಇದು ಇಲ್ಲಿ ಗೊಬ್ಬರದ ಮೂಟೆಗಳ ಹಿಂದೆ ಬಿದ್ದಿತ್ತು. ಬೋರೇಗೌಡರು ಬೇರೆ ಕಾರ್ಬುರೇಟರ್ ಹಾಕಿಸಿಕೊಳ್ಳಬಹುದಿತ್ತು, ಹಾಕಿಸಿಕೊಳ್ಳಲಿಲ್ಲ. ಈಗ ಅವರ ಮಗಳ ಮದುವೆ. ಹಿಂದಿನ ವಾರ ಅವರೇ ಬಂದು ತಮ್ಮನ ಮನೆ ಬಾಗಿಲಲ್ಲಿ ನಿಂತು, ಕಾರ್ಡು ಕೊಟ್ಟು, ನೀರೂ ಕುಡಿಯದೆ ಹೋಗಿದ್ದರಂತೆ.

"ಬರಿಗೈಲಿ ಹೋಗಕ್ಕೆ ಮನಸ್ಸಿಲ್ಲ ಕಣಕ್ಕ," ಎಂದರು ಚಲುವರಾಜು. "ಇಂಗೇ ತಗಂಡೋದ್ರೆ ಅಪ್ಪುಂದನ್ನ ಕೊಳೆ ಹಾಕ್ದ ಅಂತಾನೆ. ಒಸದು ತಗಂಡೋದ್ರೆ ಅಪ್ಪುಂದನ್ನ ಎಸ್ದುಬುಟ್ಟ ಅಂತಾನೆ. ನಾನು ಬಿಚ್ಕಂಡ ದಿನ ಎಂಗಿತ್ತೋ ಅಂಗೇ ಮಾಡ್ಕೊಡಿ. ಅಣ್ಣ ನನ್ನ ಒಳಿಕ್ಕೆ ಕರೀಬೇಕು."

ಮದುವೆಗೆ ಹದಿನೈದು ದಿನ ಇತ್ತು.

ಅವರು ಹೇಳಿದ್ದು ಅಷ್ಟು ಸ್ಪಷ್ಟ. ನನ್ನ ಕಿವಿಗೆ ಬಿದ್ದದ್ದು ಮಾತ್ರ "ಉಜ್ಜಿಕೊಡಿ" ಅಂತ. ದೇವರ ತಂಬಿಗೆ ತೊಳೆಯುವವಳ ಹಾಗೆ ಹುಣಸೆಹಣ್ಣಿನ ನೀರಿನಲ್ಲಿ ಇಡೀ ದಿನ ಮುಳುಗಿಸಿಟ್ಟೆ. ಬೂಷ್ಟು ಹೋಯಿತು, ಜೊತೆಗೆ ಮೈಯೆಲ್ಲ ಕಪ್ಪಾಯಿತು. ಹೆದರಿ ಪಾಲಿಷ್ ಹಚ್ಚಿ ಎರಡು ದಿನ ತಿಕ್ಕಿದೆ, ತಿಕ್ಕಿದೆ, ನನ್ನ ಹಣೆಯ ಕುಂಕುಮ ಅದರಲ್ಲಿ ಕಾಣಿಸುವವರೆಗೆ ತಿಕ್ಕಿದೆ. ಚಲುವರಾಜು ಬಂದ ದಿನ ಬಿಳಿ ಬಟ್ಟೆಯ ಮೇಲಿಟ್ಟು ತೋರಿಸಿದೆ.

ಅವರು ಕೈಗೆ ತೆಗೆದುಕೊಳ್ಳಲೂ ಇಲ್ಲ. "ಇದು ನಮ್ಮಪ್ಪುಂದು ಅಂತ ನನಗೇ ಅನ್ನುಸ್ತಿಲ್ಲ ಕಣಕ್ಕ," ಎಂದರು. "ಅಣ್ಣ ನಂಬ್ತಾನಾ?" ಅಷ್ಟು ಹೊತ್ತಿಗೆ ಅವರ ಕಣ್ಣು ತುಂಬಿತ್ತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅವರು ಹೋದ ಮೇಲೆ ಯಜಮಾನರು, "ಬುಡು, ಇನ್ನೇನ್ ಮಾಡಕ್ಕಾಯ್ತದೆ. ಒಳಗೆಲ್ಲ ಸರಿಯಾಗದೆ," ಎಂದು ಸಮಾಧಾನ ಹೇಳಿದರು. ಆ 'ಬುಡು' ಕೇಳಿದ್ದೇ ತಡ, ನನಗೆ ನೆತ್ತಿಗೇರಿತು. "ಬುಡಲ್ಲ ಕಣ್ರೀ! ಕೆಡಿಸಿದವಳು ನಾನು, ಸರಿ ಮಾಡುವವಳೂ ನಾನೇ," ಎಂದೆ.

ಮೊದಲು ಹೊಳಪು ತೆಗೆಯಬೇಕಿತ್ತು. ಒಲೆಯ ಬೂದಿಯನ್ನು ಬಟ್ಟೆಯಲ್ಲಿ ಜರಡಿ ಹಿಡಿದು ಸೀಮೆಎಣ್ಣೆಯಲ್ಲಿ ಕಲಸಿ ಉಜ್ಜಿದೆ. ಎರಡು ದಿನಕ್ಕೆ ಕನ್ನಡಿ ಮಂಕಾಯಿತು. ಆಮೇಲೆ ಬಣ್ಣ. ಕಂಪನಿಯಿಂದ ಬಂದಾಗ ಆ ಲೋಹಕ್ಕೆ ಒಂದು ತೆಳು ಹಳದಿ ಇರುತ್ತಿತ್ತು, ವರ್ಷ ಕಳೆದಂತೆ ಅದು ಮಾಗುತ್ತಿತ್ತು. ಎಷ್ಟು ಮಾಗಿತ್ತು ಎಂದು ಕೇಳಿದರೆ ಚಲುವರಾಜು "ಜೇನುತುಪ್ಪದಂಗೆ... ಇಲ್ಲ ಕಣಕ್ಕ, ಅಷ್ಟಿಲ್ಲ" ಎನ್ನುತ್ತಿದ್ದರು. ಸರಿಯಾದ ಬಣ್ಣ ಉಳಿದಿದ್ದರೆ ಅದು ಹಾರನಹಳ್ಳಿಯ ಆ ಮುಚ್ಚಳದ ಮೇಲೆ ಮಾತ್ರ.

ನನ್ನ ತವರು ಹಾರನಹಳ್ಳಿಯ ಪಕ್ಕದಲ್ಲೇ. ಮದುವೆಯಾಗುವವರೆಗೂ ಹೊಗೆಸೊಪ್ಪು ವಿಂಗಡಿಸುತ್ತಾ ಬೆಳೆದವಳು ನಾನು. ಬ್ಯಾರನ್ನಿನಲ್ಲಿ, ಅಂದರೆ ಬಿಸಿಗಾಳಿಯ ಗೂಡಿನಲ್ಲಿ, ಬೇಯಿಸಿ ಇಳಿಸಿದ ಎಲೆಯನ್ನು ಬಣ್ಣ ನೋಡಿ ರಾಶಿ ಮಾಡಬೇಕು. ನಿಂಬೆ, ಕಿತ್ತಳೆ, ಕಂದು ಎಂದು ಬಾಯಲ್ಲಿ ಹೇಳುವುದು ಮೂರು. ಕಣ್ಣಿಗೆ ಕಾಣುವುದು ಮೂವತ್ತು. ಒಂದೆಲೆ ತಪ್ಪಿ ಪಕ್ಕದ ರಾಶಿಗೆ ಬಿದ್ದರೆ ನಮ್ಮವ್ವ ಕೈಮೇಲೆ ಹೊಡೆಯುತ್ತಿದ್ದಳು. ಬೋರೇಗೌಡರ ಮನೆಯಲ್ಲಿ ಮದುವೆ ಗಡಿಬಿಡಿಯ ನಡುವೆ ಸೊಪ್ಪು ಇನ್ನೂ ವಿಂಗಡಿಸಿಲ್ಲ ಎಂದು ಗೊತ್ತಾಯಿತು. ಹೋಗಿ ಹೆಂಗಸರ ಸಾಲಿನಲ್ಲಿ ಕೂತೆ. ಸೊಪ್ಪಿನ ಮುಂದೆ ಕೂತವಳನ್ನು ಯಾಕೆ ಬಂದೆ ಎಂದು ಯಾರೂ ಕೇಳುವುದಿಲ್ಲ.

ಮಧ್ಯಾಹ್ನ ಎಲ್ಲರೂ ಊಟಕ್ಕೆದ್ದಾಗ ಕೊಟ್ಟಿಗೆಗೆ ನುಗ್ಗಿದೆ. ಟಾರ್ಪಾಲಿನ ಕೆಳಗೆ ಗಾಡಿ. ಕೇಬಲ್ಲಿನ ತುದಿಯ ಮುಚ್ಚಳಕ್ಕೆ ಒಗೆದ ಬಿಳಿ ಬಟ್ಟೆ ಸುತ್ತಿ ದಾರ ಕಟ್ಟಿತ್ತು. ಬಿಚ್ಚಿ ನೋಡಿದೆ. ಹಿಂದಕ್ಕೆ ಓಡಿ ರಾಶಿಯಲ್ಲಿ ಹುಡುಕಿ, ಅದೇ ಬಣ್ಣದ ಒಂದೆಲೆ ತಂದು ಮುಚ್ಚಳದ ಪಕ್ಕ ಹಿಡಿದೆ. ಅದೇ. ಎಲೆಯನ್ನು ಚೀಲಕ್ಕೆ ಹಾಕಿಕೊಳ್ಳುವಷ್ಟರಲ್ಲಿ ಹಿಂದೆ ಬೋರೇಗೌಡರು ನಿಂತಿದ್ದರು.

"ಏನವ್ವ ಅಲ್ಲಿ?"

"ಗಾಡಿ ಚೆನ್ನಾಗದೆ ಅಂತ ನೋಡ್ದೆ ಕಣಣ್ಣ."

"ಏನ್ ಚೆನ್ನಾಗದೆ, ಬುಡವ್ವ. ಅದರ ಗುಂಡಿಗೆ ನನ್ ತಮ್ಮನ ತಾವ ಅದೆ." ಬಟ್ಟೆಯನ್ನು ಮತ್ತೆ ಸುತ್ತಿ ದಾರ ಕಟ್ಟಿ ಹೊರಟುಹೋದರು.

ಮೈಸೂರಿನಲ್ಲಿ ನಟ್ಟು ಬೋಲ್ಟುಗಳನ್ನು ತೊಟ್ಟಿಯಲ್ಲಿ ಅದ್ದಿ ಹಳದಿ ಲೇಪ ಕೊಡುವವರೊಬ್ಬರಿದ್ದರು. ಕಾರ್ಬುರೇಟರ್ ಒಂದು ಕೈಯಲ್ಲಿ, ಎಲೆ ಇನ್ನೊಂದು ಕೈಯಲ್ಲಿ ಹಿಡಿದು ಬಸ್ಸಿಳಿದೆ. ಅವರು ಅಭ್ಯಾಸದಂತೆ ಅದ್ದಿ ತೆಗೆದರು, ಕಣ್ಣಿಗೆ ರಾಚುವ ಹಳದಿ. ಬೇಡ, ತೆಗೆಯಿರಿ ಎಂದೆ. ಎರಡನೇ ಸಲ ಪೇಲವ. ಅದೂ ಬೇಡ ಎಂದೆ. "ಅಮ್ಮಾ, ಹೊಗೆಸೊಪ್ಪು ಹಿಡ್ಕೊಂಡು ಕಾರ್ಬುರೇಟರ್ ಮಾಡಿಸೋಕೆ ಬಂದೋರು ನೀವೇ ಮೊದಲು," ಎಂದು ತಲೆ ಚಚ್ಚಿಕೊಂಡರು. ಮೂರನೇ ಸಲ ತೊಟ್ಟಿಯ ಪಕ್ಕದಲ್ಲೇ ಎಲೆ ಹಿಡಿದು ನಿಂತೆ. ಬಣ್ಣ ಏರುತ್ತಾ ಏರುತ್ತಾ ಬಂತು. "ತೆಗೀರೀ!" ಎಂದು ನಾನು ಕಿರುಚಿದ ಸದ್ದಿಗೆ ಪಕ್ಕದ ಅಂಗಡಿಯವರು ಬಂದು ಇಣುಕಿದರು. ತೊಳೆದು ಒಣಗಿಸಿ ಎಲೆಯನ್ನು ಮೇಲಿಟ್ಟು ನೋಡಿದೆ. ನಮ್ಮವ್ವ ಇದ್ದಿದ್ದರೂ ಕೈಮೇಲೆ ಹೊಡೆಯುತ್ತಿರಲಿಲ್ಲ.

ಇನ್ನೊಂದು ಉಳಿದಿತ್ತು. ಕಿಕ್ ಹೊಡೆಯುವ ಮೊದಲು ಹೆಬ್ಬೆರಳಲ್ಲಿ ಒತ್ತಿ ಪೆಟ್ರೋಲ್ ಇಳಿಸುವ ಸಣ್ಣ ಗುಂಡಿಯೊಂದು ಇರುತ್ತದಲ್ಲ, ಅದರ ಪಕ್ಕದ ಜಾಗ ಅಪ್ಪನ ಹೆಬ್ಬೆರಳು ತಾಗಿ ತಾಗಿ ಬಿಳಿಯಾಗಿತ್ತು ಎಂದು ಚಲುವರಾಜು ನೆನಪಿಸಿಕೊಂಡರು. ಬ್ರಷ್ ಬೇಡವೆಂದು ಬೂದಿ ಹಚ್ಚಿಕೊಂಡು ನನ್ನ ಹೆಬ್ಬೆರಳಲ್ಲೇ ಎರಡು ದಿನ ಉಜ್ಜಿದೆ. ಚರ್ಮ ಸುಲಿಯಿತು. ಜಾಗ ಬಿಳಿಯಾಯಿತು.

ಚಪ್ಪರದ ದಿನ ನಾವು ಮೂವರೂ ಹಾರನಹಳ್ಳಿಗೆ ಹೋದೆವು. ಬೋರೇಗೌಡರು ಚಪ್ಪರದ ಕಂಬದ ಹತ್ತಿರ ನಿಂತಿದ್ದರು, ಬಾ ಎನ್ನಲಿಲ್ಲ. ಚಲುವರಾಜು ಬಟ್ಟೆ ಬಿಚ್ಚಿ ಕಾರ್ಬುರೇಟರ್ ನೀಡಿದರು. ಅಣ್ಣ ತಿರುಗಿಸಿ ತಿರುಗಿಸಿ ನೋಡಿದರು. ಅವರ ಹೆಬ್ಬೆರಳು ತಾನಾಗಿಯೇ ಆ ಬಿಳಿ ಜಾಗದ ಮೇಲೆ ಹೋಗಿ ಕೂತಿತು.

"ಚೆನ್ನಾಗಿ ಮಡಿಕಂಡಿದ್ದೀಯ ಕಣ್ಲಾ," ಎಂದರು.

ಗೆದ್ದೆವು! ನಾನು ಯಜಮಾನರ ತೋಳು ಚಿವುಟಿದೆ. ಆದರೆ ಈ ಚಲುವರಾಜು ಸುಮ್ಮನಿರಬೇಕಲ್ಲ.

"ಇಲ್ಲ ಕಣಣ್ಣ. ಗೊಬ್ಬರದ ಮೂಟೆ ಹಿಂದ್ಕೆ ಎಸ್ದಿದ್ದೆ. ಕೊಳ್ತೋಗಿತ್ತು. ಬಣ್ಣ, ಈ ಬಿಳಿ ಜಾಗ, ಎಲ್ಲಾ ಈ ಅಕ್ಕ ಮಾಡಿದ್ದು. ಅಪ್ಪುಂದನ್ನ ನಾನು ಹಾಳು ಮಾಡ್ಬುಟ್ಟಿದ್ದೆ."

ನನ್ನ ಹದಿನೈದು ದಿನದ ದುಡಿಮೆಯನ್ನು ಒಂದೇ ಉಸಿರಿಗೆ ಮಣ್ಣುಪಾಲು ಮಾಡಿದನಲ್ಲ ಎಂದು ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬೋರೇಗೌಡರು ನನ್ನ ಕಡೆ ಒಮ್ಮೆ ನೋಡಿ ತಮ್ಮನ ಕಡೆ ತಿರುಗಿದರು.

"ಗೊತ್ತು ಕಣ್ಲಾ. ಹುಣಸೂರಿನ ಮೆಕ್ಯಾನಿಕ್ಕನ ಹೆಂಡ್ತಿ ಬಂದು ಗಾಡಿ ಮುಚ್ಚಳ ಬಿಚ್ ನೋಡಿ, ನಮ್ ರಾಶೀಲಿ ಒಂದೆಲೆ ಕದ್ಕಂಡೋದ್ರೆ ನನಗೆ ತಿಳಿಯಕ್ಕಿಲ್ವಾ? ನೀನು ಏನೇಳೀಯ ಅಂತ ನೋಡ್ದೆ." ಆಮೇಲೆ ಕಾರ್ಬುರೇಟರನ್ನು ಮತ್ತೆ ತಮ್ಮನ ಕೈಗಿಟ್ಟರು. "ಬಾರ್ಲಾ ಒಳಿಕ್ಕೆ."

ಮದುವೆ ಕೆಲಸವೆಲ್ಲ ಬಿಟ್ಟು ಇಬ್ಬರೂ ಕೊಟ್ಟಿಗೆಯಲ್ಲಿ ಮಂಡಿಯೂರಿ ಕೂತರು. ಯಜಮಾನರು ಸ್ಪ್ಯಾನರ್ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ, ಅಪ್ಪನ ಸ್ಪ್ಯಾನರೇ ಇತ್ತು. ತಮ್ಮ ಕಾರ್ಬುರೇಟರ್ ಕೂರಿಸಿದರು, ಅಣ್ಣ ಮುಚ್ಚಳದ ಬಟ್ಟೆ ಬಿಚ್ಚಿ ತಿರುಗಿಸಿದರು. ಯಾವುದು ಇಲ್ಲಿನದು, ಯಾವುದು ಅಲ್ಲಿನದು ಎಂದು ನನಗೇ ತಿಳಿಯಲಿಲ್ಲ. ನಾನು ಅತ್ತೆ. ಯಾಕೆ ಮುಚ್ಚಿಡಲಿ.

ಇವತ್ತು ಸಾರು ಇಳಿಸಿ ಕೈ ತೊಳೆದುಕೊಂಡು ಬಂದೆ. ಕವರಿನೊಳಗಿನ ಕಾರ್ಬುರೇಟರ್ ತೆಗೆದು ಬೆಳಕಿಗೆ ಹಿಡಿದೆ. ಕಣ್ಣು ಮಂಜಾದರೇನು, ಬಣ್ಣ ಇನ್ನೂ ಕಾಣುತ್ತದೆ.

"ರೀ, ಆ ಕೋಟೆಯವರಿಗೆ ಫೋನ್ ಮಾಡಿ. ಮಾಡ್ಕೊಡ್ತಾಳೆ ಅಂತ ಹೇಳಿ."

ಯಜಮಾನರು ಪೇಪರ್ ಕೆಳಗಿಟ್ಟರು. "ಫಳಫಳ ಹೊಳೀಬೇಕು ಅಂದಿದ್ರು ಕಣೇ ಅವರು."

"ಹೊಳೆಸೋಕೆ ಯಾರಿಗೆ ಬರಲ್ಲ? ಯಾವ ದಿನದ ಹಾಗೆ ಕಾಣಬೇಕು ಅಂತ ಕೇಳಿ," ಎಂದು ಹಳೇ ಬ್ರಷ್ ಹುಡುಕಲು ಎದ್ದೆ.