ಕ್ಲೆಮ್ ಹಾಕಿದ ಎರಡು ಮೈನಸ್

ಸೋಮವಾರ ಬೆಳಗಿನ ಐದು ಗಂಟೆ. ನಿನ್ನೆಯ ಸೋಲನ್ನು ಹೊದ್ದುಕೊಂಡು ಟೊಲಿಡೊ ಇನ್ನೂ ಮಲಗಿದೆ. ಊರಿನ ಅಮೆರಿಕನ್ ಫುಟ್‌ಬಾಲ್ ತಂಡದ ತಾಲೀಮು ಕಟ್ಟಡದ ಮೇಲ್ಮಹಡಿಯ ಕಿಟಕಿಯಿಲ್ಲದ ಕೋಣೆಯಲ್ಲಿ ಕ್ಲೆಮ್ ಯಾನಿಕ್ ಮಾತ್ರ ಎದ್ದು ಕೂತಿದ್ದಾರೆ. ಒಂದೇ ಎಸೆತವನ್ನು ಹದಿನಾಲ್ಕನೇ ಸಲ ನೋಡುತ್ತಿದ್ದಾರೆ. ಎಡಗೈಯಲ್ಲಿ ರಿಮೋಟು, ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು. ಪರದೆಯ ಮೇಲೆ ತಂಡದ ಆಟ ನಡೆಸುವ ಹೊಸಬ ಕ್ವಾರ್ಟರ್‌ಬ್ಯಾಕ್ ಮಾರ್ಕೆಲ್ ಗ್ರೀರ್ ಚೆಂಡು ಎಸೆಯುತ್ತಾನೆ, ಅದು ಎದುರಾಳಿಯ ಕೈಸೇರುತ್ತದೆ, ಗ್ರೀರ್ ಅಂಗೈಯಿಂದ ಎದೆ ತಟ್ಟಿಕೊಳ್ಳುತ್ತಾನೆ. ತಪ್ಪು ನನ್ನದು ಎಂದು ಅದರ ಅರ್ಥ.

"ಈ ಎದೆ ತಟ್ಟಿಕೊಳ್ಳೋದಿದೆಯಲ್ಲ, ಅದನ್ನ ಮಾತ್ರ ನಂಬಬಾರದು," ಎನ್ನುತ್ತಾರೆ ಕ್ಲೆಮ್, ಚಿತ್ರವನ್ನು ಹಿಂದಕ್ಕೆ ಓಡಿಸುತ್ತ.

ಅರವತ್ತಮೂರು ವರ್ಷದ ಕ್ಲೆಮ್ ಇಪ್ಪತ್ತೊಂಬತ್ತು ವರ್ಷಗಳಿಂದ ಮಾಡುತ್ತಿರುವುದು ಇದೊಂದೇ ಕೆಲಸ. ಭಾನುವಾರದ ಪಂದ್ಯದಲ್ಲಿ ಕ್ವಾರ್ಟರ್‌ಬ್ಯಾಕ್ ಅರವತ್ತು ಸಲ ಚೆಂಡು ಮುಟ್ಟಿದರೆ ಅರವತ್ತಕ್ಕೂ ಅಂಕ ಹಾಕಬೇಕು. ಕಾಲು ಸರಿಯಾಗಿ ಊರಿದನೇ, ಕಣ್ಣು ಸರಿಯಾದ ಕಡೆ ಹೋಯಿತೇ, ತೋಳು ಹೇಳಿದಂತೆ ಕೇಳಿತೇ. ಸರಿಯಿದ್ದರೆ ಪ್ಲಸ್, ಇಲ್ಲದಿದ್ದರೆ ಮೈನಸ್. ಚೆಂಡನ್ನು ಎದುರಾಳಿಗೆ ಒಪ್ಪಿಸಿದರೆ ಒಟ್ಟಿನಲ್ಲಿ ಮೂರು ಅಂಕ ಕಡಿತ. ಏಳು ಗಂಟೆಗೆ ನೂರಕ್ಕೆ ಇಷ್ಟು ಎಂದು ಬರೆದ ಹಾಳೆ ಕೋಚ್ ಬ್ರಾನಿಗನ್ ಮೇಜಿನ ಮೇಲಿರಬೇಕು. ಅದರ ಮೇಲೆ ಕ್ಲೆಮ್ ಹೆಸರಿರುವುದಿಲ್ಲ. ಆಟಗಾರರಿಗೆ ಅದನ್ನು ತೋರಿಸುವುದೂ ಇಲ್ಲ. ಹೊಸಬನಿಗೆ ಸತತ ಎರಡು ವಾರ ಅರವತ್ತಕ್ಕಿಂತ ಕಡಿಮೆ ಬಂದರೆ ಅವನು ಬೆಂಚಿಗೆ. ಈ ತಂಡದಲ್ಲಿ ಬೆಂಚಿಗೆ ಹೋದ ಹೊಸಬರು ಮರಳಿ ಬಂದದ್ದನ್ನು, ಪತ್ರಿಕೆಗೆ ಪಂದ್ಯಗಳ ಬಗ್ಗೆ ಬರೆಯುವ ನಾನಂತೂ ಕಂಡಿಲ್ಲ.

ಕಳೆದ ವಾರ ಗ್ರೀರ್‌ಗೆ ಬಂದದ್ದು ಐವತ್ತೇಳು. ನಿನ್ನೆ ಎರಡು ಸಲ ಚೆಂಡನ್ನು ಎದುರಾಳಿಗೆ ಒಪ್ಪಿಸಿದ್ದಾನೆ, ಎರಡೂ ಸಲ ಎದೆ ತಟ್ಟಿಕೊಂಡಿದ್ದಾನೆ. ಎರಡೂ ಅವನ ಲೆಕ್ಕಕ್ಕೇ ಹೋದರೆ ಐವತ್ತೆಂಟು, ಒಂದು ಅವನದಲ್ಲದಿದ್ದರೂ ಸಾಕು, ಅರವತ್ತೊಂದು. ಇಪ್ಪತ್ತೆರಡರ ಹುಡುಗನ ಅನ್ನ ಈ ಪೆನ್ಸಿಲ್ಲಿನ ತುದಿಯಲ್ಲಿದೆ.

ತೊಡಕು ಇರುವುದೇ ಇಲ್ಲಿ. ಚಿತ್ರಕ್ಕೆ ದನಿಯಿಲ್ಲ. ಕೋಚ್ ಹೆಲ್ಮೆಟ್ಟಿನೊಳಗಿನ ರೇಡಿಯೋದಲ್ಲಿ ಏನು ಹೇಳಿದರು, ಕ್ವಾರ್ಟರ್‌ಬ್ಯಾಕ್ ಕೊನೇ ಗಳಿಗೆಯಲ್ಲಿ ಏನು ಬದಲಿಸಿದ, ಎರಡೂ ಮೇಲಿನ ಕೋಣೆಗೆ ಕೇಳುವುದಿಲ್ಲ. ಚೆಂಡು ಹೊರಕ್ಕೆ ಹೋಯಿತು, ಹಿಡಿಯಬೇಕಾದವನು ಒಳಕ್ಕೆ ಓಡಿದ. ತಪ್ಪಿದವರು ಯಾರು? ಅಂಕ ಹಾಕುವವನು ಕೆಳಗಿಳಿದು ಆಟಗಾರರನ್ನು ಕೇಳುವ ಪದ್ಧತಿಯಿಲ್ಲ. ಇನ್ನು ಜೊತೆಗಾರನ ತಪ್ಪನ್ನು ಕ್ವಾರ್ಟರ್‌ಬ್ಯಾಕ್ ಊರೆದುರು ಎತ್ತಿ ತೋರಿಸುವಂತಿಲ್ಲ. ತನ್ನದಲ್ಲದಿದ್ದರೂ ಎದೆ ತಟ್ಟಿಕೊಳ್ಳಬೇಕು. ಹಾಗೆ ಮಾಡದ ಹೊಸಬನಿಗಾಗಿ ಮರುದಿನದಿಂದ ಯಾರೂ ಮೈಮುರಿದು ಓಡುವುದಿಲ್ಲ.

ಇದು ಕ್ಲೆಮ್‌ಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಹನ್ನೊಂದು ವರ್ಷದ ಹಿಂದೆ ವೇಡ್ ಟಾಲಿವರ್ ಎಂಬ ಹೊಸಬ ಎರಡು ಸಲ ಚೆಂಡನ್ನು ಎದುರಾಳಿಗೆ ಒಪ್ಪಿಸಿ ಎದೆ ತಟ್ಟಿಕೊಂಡಾಗ ಅವರು ಎರಡು ಮೈನಸ್ ಎಳೆದರು.

"ಬೆಳಗ್ಗೆ ಆರೂ ಐವತ್ತಾಗಿತ್ತು. ಇನ್ನೊಂದು ಸಲ ನೋಡೋಣ ಅನ್ನಿಸ್ತು, ನೋಡ್ಲಿಲ್ಲ. ಅವನೇ ಒಪ್ಕೊಂಡಿದಾನಲ್ಲ, ನಂದೇನು ಅಂದ್ಕೊಂಡೆ."

ಹಾಳೆಯಲ್ಲಿ ಐವತ್ತೆಂಟು ಬಿತ್ತು. ಅದರ ಹಿಂದಿನ ವಾರ ಐವತ್ತೊಂಬತ್ತು. ಟಾಲಿವರ್ ಬೆಂಚಿಗೆ ಹೋದ, ವಸಂತ ಬರುವಷ್ಟರಲ್ಲಿ ತಂಡದಿಂದಲೇ ಹೋದ. ಬೇರೆ ಯಾವ ತಂಡವೂ ಅವನನ್ನು ಕರೆಯಲಿಲ್ಲ. ಈಗ ನೆಬ್ರಾಸ್ಕಾದಲ್ಲಿ ಶಾಲೆಯ ಬಸ್ಸು ಓಡಿಸುತ್ತಾನೆ. ಆ ಸೋಮವಾರ ಇದೇ ಪತ್ರಿಕೆಯಲ್ಲಿ 'ಕಣ್ಣಿದ್ದೂ ಕಾಣದ ಹುಡುಗ' ಎಂದು ತಲೆಬರಹ ಕೊಟ್ಟು ಬರೆದವನು ನಾನು. ಬರೆದು, ಊರವರು ಬೆನ್ನು ತಟ್ಟಿದಾಗ ಹಿಗ್ಗಿದ್ದೆ ಕೂಡ. ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಮೂರು ವರ್ಷದ ಹಿಂದೆ, ಈಸ್ಟರ್‌ಗೆ ಮುಂಚಿನ ಒಂದು ಶುಕ್ರವಾರ ಚರ್ಚಿನ ಮೀನೂಟದ ಸಾಲಿನಲ್ಲಿ ಕ್ಲೆಮ್‌ಗೆ ಡಾರ್ನೆಲ್ ವಿಕ್ಸ್ ಸಿಕ್ಕ. ಆ ದಿನಗಳಲ್ಲಿ ಟಾಲಿವರ್ ಎಸೆದ ಚೆಂಡು ಹಿಡಿಯುತ್ತಿದ್ದವನು, ಈಗ ನಿವೃತ್ತ. ತಟ್ಟೆಗೆ ಮೀನು ಹಾಕಿಸಿಕೊಳ್ಳುತ್ತ ನಗುನಗುತ್ತಲೇ ಹೇಳಿಬಿಟ್ಟ: "ಪಾಪ ಕಣ್ರೀ ಕ್ಲೆಮ್, ಆ ಹುಡುಗ. ಆವತ್ತಿನ ಎರಡು ತಪ್ಪೂ ನನ್ನವೇ. ಅವನು ಹೊರಕ್ಕೆ ಅಂದಿದ್ದ, ನಾನು ಒಳಕ್ಕೆ ತಿರುಗಿದೆ. ಒಂದು ಮಾತು ಆಡ್ಲಿಲ್ಲ ನೋಡಿ ಅವನು."

ಕ್ಲೆಮ್ ತಟ್ಟೆಯನ್ನು ಅಲ್ಲೇ ಇಟ್ಟು ಇದೇ ಕೋಣೆಗೆ ಬಂದರು. ಹಳೆಯ ಚಿತ್ರ ತೆಗೆದು ಈ ಸಲ ಟಾಲಿವರ್‌ನ ಎದೆಯನ್ನಲ್ಲ, ವಿಕ್ಸ್‌ನ ಕಾಲನ್ನು ನೋಡಿದರು. ಹೊರಕ್ಕೆಂದು ಊರಿದ ಪಾದ ಅರ್ಧಕ್ಕೇ ತಡವರಿಸಿ ಒಳಕ್ಕೆ ಹೊರಳಿತ್ತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ಕಣ್ಣೇ ಕಸುಬಾದ ಮನುಷ್ಯ ಅದನ್ನು ಎಂಟು ವರ್ಷ ತಡವಾಗಿ ಮಾಡಿದರು.

ಮರುದಿನ ಟಾಲಿವರ್‌ಗೆ ಫೋನು ಮಾಡಿದರು. "ಬೈತಾನೆ ಅಂದ್ಕೊಂಡಿದ್ದೆ. ಬೈದಿದ್ರೆ ಎಷ್ಟೋ ಚೆನ್ನಾಗಿತ್ತು. 'ಎದೆ ತಟ್ಕೊಂಡಿದ್ದು ನಾನೇ ಅಲ್ವಾ ಸರ್, ನಿಮ್ದೇನು ತಪ್ಪು' ಅಂದ. ಆಮೇಲೆ ಮೆಲ್ಲಗೆ, 'ಹೌದು, ಆವತ್ತು ನನಗೆ ಎಷ್ಟು ಬಂದಿತ್ತು ಸರ್?' ಅಂತ ಕೇಳಿದ. ಲೈನು ಸರಿಯಿಲ್ಲ ಅಂತ ಇಟ್ಟುಬಿಟ್ಟೆ."

ಏಳಕ್ಕೆ ಐದು ನಿಮಿಷ. ಗ್ರೀರ್‌ನ ಎರಡೂ ಎಸೆತಗಳನ್ನು ಕ್ಲೆಮ್ ಇನ್ನೊಮ್ಮೆ ನೋಡುತ್ತಾರೆ. ಎರಡು ಸಲವೂ ಹಿಡಿಯಬೇಕಾಗಿದ್ದವನು ಟೇಟ್. ಅವನ ಕಾಲೂ ಗುಟ್ಟು ಬಿಟ್ಟುಕೊಡುತ್ತಿಲ್ಲ. ಕ್ಲೆಮ್ ಪೆನ್ಸಿಲ್ ತೆಗೆದು ಹಾಳೆಯ ಆ ಎರಡು ಮನೆಗಳಲ್ಲೂ ಪ್ರಶ್ನೆ ಗುರುತು ಹಾಕುತ್ತಾರೆ. ನಾನೂ ಅವರ ಹಿಂದೆಯೇ ಕೋಚ್ ಕೋಣೆಗೆ ಹೋಗುತ್ತೇನೆ.

"ಏನಯ್ಯಾ ಇದು ಕೊಕ್ಕೆ?" ಬ್ರಾನಿಗನ್ ಹಾಳೆಯನ್ನು ಬೆಳಕಿಗೆ ಹಿಡಿಯುತ್ತಾರೆ.

"ನನಗೆ ಗೊತ್ತಿಲ್ಲ ಅಂತ ಅರ್ಥ, ಕೋಚ್."

"ಇಪ್ಪತ್ತೊಂಬತ್ತು ವರ್ಷದಲ್ಲಿ ನಿನಗೆ ಗೊತ್ತಿಲ್ದೆ ಇರೋದು ಇದೇ ಮೊದಲು!"

"ಗೊತ್ತಿಲ್ದೆ ಇರೋದು ಮೊದಲಲ್ಲ. ಬರೆದಿದ್ದು ಮೊದಲು."

ಕೋಚ್ ಗೊಣಗುತ್ತಲೇ ಟೇಟ್‌ನನ್ನು ಕರೆಸುತ್ತಾರೆ. ಅವನು ಬಾಗಿಲಲ್ಲಿ ನಿಂತು ಕತ್ತು ಕೆರೆದುಕೊಳ್ಳುತ್ತಾನೆ. "ಮೊದಲ್ನೇದು ಮಾರ್ಕೆಲ್‌ದೇ ಕೋಚ್, ಸುಳ್ಳು ಯಾಕೆ ಹೇಳ್ಲಿ. ಎರಡ್ನೇದು ನಂದು. ಅವನ ಕೈಸನ್ನೆ ನಾನು ನೋಡ್ಲಿಲ್ಲ."

ಅರವತ್ತೊಂದು. ಮುಂದಿನ ಭಾನುವಾರವೂ ಗ್ರೀರೇ ಆಡುತ್ತಾನೆ.

ಮೇಲೆ ಬಂದ ಕ್ಲೆಮ್ ಮುಖದಲ್ಲಿ ಗೆಲುವಿಲ್ಲ. ಕೇಳುವುದು ಇಷ್ಟು ಸುಲಭವಿತ್ತೇ ಎಂಬ ಸಂಕಟವೇ ಹೆಚ್ಚಾದಂತಿದೆ. ಮೇಜಿನ ಖಾನೆಯಿಂದ ಹಳದಿಯಾದ, ಟಾಲಿವರ್‌ನ ಹಾಳೆಯನ್ನು ತೆಗೆದು ನನ್ನ ಮುಂದಿಡುತ್ತಾರೆ. ಐವತ್ತೆಂಟನ್ನು ಅಳಿಸಿಲ್ಲ, ಅದರ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ ಅರವತ್ನಾಲ್ಕು ಎಂದು ಬರೆದಿದ್ದಾರೆ. ಕೆಳಗೆ, ಯಾವ ಹಾಳೆಯ ಮೇಲೂ ಇಲ್ಲದ ಅವರ ಸಹಿ.

"ಈ ಋತು ಮುಗಿದ ಮೇಲೆ ನೆಬ್ರಾಸ್ಕಾಗೆ ಹೋಗ್ಬೇಕು. ಅವನಿಗೀಗ ಮೂವತ್ನಾಲ್ಕು, ಇನ್ನು ಆಡೋಕಂತೂ ಆಗಲ್ಲ," ಎನ್ನುತ್ತಾರೆ, ಹಾಳೆಯನ್ನು ಮಡಿಸುತ್ತ. "ಎಷ್ಟು ಬಂದಿತ್ತು ಅಂತ ಕೇಳಿದ್ನಲ್ಲ. ಎದುರಿಗೆ ನಿಂತು ಹೇಳ್ಬೇಕು, ನೀನು ಪಾಸಾಗಿದ್ದೆ ಕಣಪ್ಪಾ ಅಂತ."