ದೀಪ ಕಂಡ ಮೇಲೆ ಎಸರು

ಹೋದ ವಾರ ನನ್ನ ಕಾರಿನ ಮುಂದಿನ ದೀಪವೊಂದು ಕೆಟ್ಟಿತು. ಕೋಲಾರದ ಗ್ಯಾರೇಜಿನ ಮೆಕ್ಯಾನಿಕ್ ಬಲ್ಬು ಬಿಚ್ಚಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, "ಹೋಗಿದೆ ಸಾರ್" ಎಂದ. ಗಾಜಿನ ಒಳಗೆಲ್ಲ ಕಪ್ಪು ಹಿಡಿದಿದ್ದು ನನಗೆ ದೂರದಿಂದಲೇ ಕಂಡಿತ್ತು. ಆದರೂ ಕೈಗೆ ಇಸಿದುಕೊಂಡು ನಾನೂ ಒಮ್ಮೆ ಅಲ್ಲಾಡಿಸಿದೆ. ಕಡಿದ ತಂತಿ ಒಳಗೆ ಕಿಣಿಕಿಣಿ ಎಂದಿತು. ಬಲ್ಬು ಮಾರಿ ಹೊಟ್ಟೆ ಹೊರೆದವನ ಚಾಳಿ ನೋಡಿ, ನಾನು ಬಿಟ್ಟರೂ ಅದು ನನ್ನನ್ನು ಬಿಡದು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಶ್ರೀನಿವಾಸಪುರದ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಬಲ್ಬುಗಳ ಗಾಜಿನ ಬೀರು ನನ್ನ ಸುಪರ್ದಿಗೆ ಬಂದಿತ್ತು. ಹೊರಗಿನವರಿಗೆ ಬಲ್ಬೆಂದರೆ ಬಲ್ಬು, ಅಷ್ಟೇ. ಒಳಗೆ ಅದಕ್ಕೂ ಜಾತಿ, ಕುಲ ಎಲ್ಲ ಉಂಟು. ಹೆಡ್‌ಲೈಟಿನ ಬಲ್ಬಿಗೆ ಎರಡು ತಂತಿ, ಒಂದು ಬ್ರೈಟಿಗೆ, ಒಂದು ಡಿಮ್ಮಿಗೆ. ಬ್ರೇಕ್ ದೀಪದ ಬಲ್ಬಿನ ಮೊಳೆಗಳು ಒಂದು ಮೇಲೆ, ಒಂದು ಕೆಳಗೆ. ತಿರುಗುಮುರುಗು ಹಾಕಿದರೆ ಹೋಲ್ಡರಿನಲ್ಲಿ ಕೂರುವುದೇ ಇಲ್ಲ. ಜೀಪಿನ ಬಲ್ಬಿಗೆ ಹನ್ನೆರಡು ವೋಲ್ಟು, ದೊಡ್ಡ ಲಾರಿಯದಕ್ಕೆ ಅದರ ಎರಡರಷ್ಟು. ಇಷ್ಟೆಲ್ಲ ಬಾಯಿಪಾಠ ಮಾಡಿ ಪಂಡಿತನಾದೆನೆಂದು ಬೀಗುತ್ತಿದ್ದಾಗಲೇ ಒಬ್ಬ ಲಾರಿ ಡ್ರೈವರಿಗೆ ಜೀಪಿನ ಬಲ್ಬು ಕೊಟ್ಟುಬಿಟ್ಟೆ. ಅದು ಮಿಂಚಿನ ಹಾಗೆ ಒಮ್ಮೆ ಬೆಳಗಿ ಸತ್ತಿತು. ಆತ ಅದನ್ನು ತಂದು ಮೇಜಿನ ಮೇಲೆ ಕುಕ್ಕಿ, ಅಂಗಡಿಯ ತುಂಬ ಕೇಳುವ ಹಾಗೆ, "ಏನ್ಲಾ, ನಾನ್ ಕೇಳಿದ್ದು ಬಲ್ಬಾ, ಪಟಾಕಿಯಾ?" ಎಂದ. ಬೇರೆ ಯಾರಾದರೂ ಆಗಿದ್ದರೆ ಜಗಳವಾಗುತ್ತಿತ್ತು. ಆದರೆ ಆ ಡ್ರೈವರು ನನ್ನ ಸ್ವಂತ ಅಣ್ಣ.

ಅಣ್ಣ ಮಾವಿನ ಮಂಡಿಯವರ ಲಾರಿ ಓಡಿಸುತ್ತಿದ್ದ. ಸುಗ್ಗಿಯಲ್ಲಿ ಬೆಳಿಗ್ಗೆ ಗೌನಿಪಲ್ಲಿ ಕಡೆಯ ತೋಟಗಳಿಗೆ ಹೋದರೆ, ಕಾಯಿ ತುಂಬಿಕೊಂಡು ಶ್ರೀನಿವಾಸಪುರದ ದಾರಿ ಹಿಡಿಯುವಾಗ ದೀಪ ಹಚ್ಚುವ ಹೊತ್ತು. ನಮ್ಮ ಊರು ಅದೇ ದಾರಿಯಲ್ಲಿತ್ತು. ಮಳೆಯಲ್ಲಿ ಹಳದಿ ಬೆಳಕು ಕಣ್ಣಿಗೆ ಹಿತ ಎಂಬುದು ಡ್ರೈವರುಗಳ ನಂಬಿಕೆ. ಅಣ್ಣ ಹಳದಿ ಬಲ್ಬು ಬೇಕೆಂದು ಬಂದಾಗ ಅಂಗಡಿಯಲ್ಲಿ ಒಂದೇ ಒಂದು ಉಳಿದಿತ್ತು. ಅದನ್ನೇ ಬಲಗಡೆಗೆ ಹಾಕಿಕೊಂಡು ಹೋದ. ಆಮೇಲೆ ಮಾಲು ಬಂದಾಗ ಜೋಡಿ ಮಾಡಲು ಕರೆದರೆ ಬರಲಿಲ್ಲ. "ಇರ್ಲಿ ಬಿಡೋ. ಒಂದು ಹಳದಿ, ಒಂದು ಬಿಳಿ. ನಿಮ್ಮತ್ತಿಗೆಗೆ ಗುರುತು ಸಿಗ್ತದೆ" ಎಂದ.

ಗುರುತು ಯಾಕೆಂದರೆ, ಅಣ್ಣನಿಗೆ ಮುದ್ದೆ ಬಿಸಿಬಿಸಿ ಇರಬೇಕು. ಆರಿದ ಮುದ್ದೆ ತಟ್ಟೆಗೆ ಬಿದ್ದರೆ ಮುಖ ಊದಿಸಿಕೊಳ್ಳುವ ಆಸಾಮಿ. ನಮ್ಮ ಜಗಲಿಯಲ್ಲಿ ಕೂತರೆ ಕೆರೆಯ ಆಚೆಗಿನ ಕಟ್ಟೆ ಕಾಣುತ್ತಿತ್ತು. ಸಂಜೆ ಅತ್ತಿಗೆ ಅಲ್ಲಿ ಅಲಸಂದೆಕಾಯಿ ಬಿಡಿಸುತ್ತಾ ಕೂರುವರು. ಕಟ್ಟೆಯ ಮೇಲೆ ಎಷ್ಟೋ ಲಾರಿ ಬರುತ್ತಿದ್ದವು, ಅತ್ತಿಗೆ ತಲೆ ಎತ್ತಿ ನೋಡಿ ಮತ್ತೆ ಕಾಯಿಗೆ ಕೈ ಹಾಕುವರು. ಹಳದಿ-ಬಿಳಿ ಜೋಡಿ ಕಂಡಾಗ ಮಾತ್ರ ಮೊರ ಕೆಳಗಿಟ್ಟು ಒಳಗೆ ಹೋಗಿ ಎಸರಿಡುವರು. ಲಾರಿ ಕೆರೆ ಸುತ್ತಿ, ಈಚೆಯ ತೋಪಿನಲ್ಲಿ ಇನ್ನಷ್ಟು ಕಾಯಿ ಹೇರಿಕೊಂಡು ಮನೆ ಮುಂದೆ ನಿಲ್ಲುವಷ್ಟರಲ್ಲಿ ಮುದ್ದೆ ಆವಿಯಾಡುತ್ತಿರುತ್ತಿತ್ತು. ಗಂಡ-ಹೆಂಡತಿ ನಮ್ಮೆದುರು ನಾಲ್ಕು ಮಾತಾಡಿದ್ದನ್ನು ನಾನು ಕಾಣೆ. ಅವರ ಮಾತುಕತೆಯೆಲ್ಲ ಆ ದೀಪದಲ್ಲೇ ಮುಗಿಯುತ್ತಿತ್ತು ಅಂತ ಈಗ ಅನ್ನಿಸುತ್ತದೆ.

ಒಂದು ಸುಗ್ಗಿಯಲ್ಲಿ ಅಣ್ಣನಿಗೆ ಕಾಮಾಲೆ ಬಂತು. ನಾವು ನಮ್ಮ ಕಡೆ ಎಲ್ಲರೂ ಮಾಡುವುದನ್ನೇ ಮಾಡಿದೆವು; ಸೊಪ್ಪಿನ ರಸ ಕುಡಿಸಿದೆವು, ಪಥ್ಯ ಹಿಡಿಸಿದೆವು. ನಾನು ಅವನ ರೆಪ್ಪೆ ಎತ್ತಿ ನೋಡಿದರೆ, "ಏನ್ ನೋಡ್ತೀಯಾ? ನಂಗೂ ಹಳದಿ ಬಲ್ಬ್ ಹಾಕವ್ರೆ ಕಣೋ" ಎಂದು ನಕ್ಕ. ನಾನೂ ನಕ್ಕೆ. ಕೋಲಾರದ ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಅವನಿಗೆ ಮೈಮೇಲೆ ಪ್ರಜ್ಞೆ ಇರಲಿಲ್ಲ. ಅಲ್ಲೇ ಹೋಗಿಬಿಟ್ಟ. ಅತ್ತಿಗೆ ಅಳಲಿಲ್ಲ. ಬಂದವರೆಲ್ಲ ಎದೆ ಬಡಿದುಕೊಂಡು ಅತ್ತರು, ಅವರು ಗೋಡೆಗೆ ಒರಗಿ ಕೂತಿದ್ದರು.

ತಿಥಿ ಕಳೆದ ಮೇಲೆ ಒಂದು ಸಂಜೆ ನಾವೆಲ್ಲ ಜಗಲಿಯಲ್ಲಿದ್ದೆವು. ಕಟ್ಟೆಯ ಮೇಲೆ ಒಂದು ಹಳದಿ, ಒಂದು ಬಿಳಿ ದೀಪ ಕಾಣಿಸಿತು. ಮಂಡಿಯವರು ಅಣ್ಣನ ಲಾರಿಗೆ ಹೊಸ ಡ್ರೈವರನ್ನು ಇಟ್ಟಿದ್ದರು. ಅತ್ತಿಗೆ ಮೊರ ಕೆಳಗಿಟ್ಟು ಎದ್ದರು. ಒಳಗೆ ಪಾತ್ರೆಗೆ ನೀರು ಸುರಿಯುವ ಸದ್ದು ಕೇಳಿಸಿತು. ಅಮ್ಮ ನನ್ನ ಮುಖ ನೋಡಿದಳು, ನಾನು ಅಮ್ಮನ ಮುಖ ನೋಡಿದೆ. ಲಾರಿ ಮನೆ ಮುಂದೆ ನಿಲ್ಲದೆ ಹೊರಟುಹೋಯಿತು. ಅತ್ತಿಗೆ ಅಣ್ಣನ ಅಳತೆಯ ಮುದ್ದೆ ಕಟ್ಟಿ, ತಟ್ಟೆಯಲ್ಲಿಟ್ಟು ಮುಚ್ಚಿದರು. ಬೆಳಿಗ್ಗೆ ಅದನ್ನು ಮಜ್ಜಿಗೆಯಲ್ಲಿ ಕಿವುಚಿಕೊಂಡು ತಾವೇ ಕುಡಿದರು. ಮರುದಿನವೂ ಹಾಗೆಯೇ ಆಯಿತು, ಅದರ ಮರುದಿನವೂ. ನೀವೇ ಹೇಳಿ, ಬೇಡ ಎನ್ನಲು ಯಾರಿಗೆ ಬಾಯಿ ಬಂದೀತು? ಅಣ್ಣನ ಹೆಣ ನೋಡಿದಾಗ ತಡೆದುಕೊಂಡಿದ್ದ ನಾನು ಆ ಮುಚ್ಚಿಟ್ಟ ತಟ್ಟೆ ಕಂಡು ಹಿತ್ತಲಿಗೆ ಹೋಗಿ ಅತ್ತೆ.

ಕೊನೆಗೆ ಅಮ್ಮನೇ ರಸ್ತೆಗಿಳಿದು ಲಾರಿಗೆ ಕೈ ಅಡ್ಡ ಹಿಡಿದಳು. "ನಾಯ್ನಾ, ಆ ಹಳದಿ ದೀಪ ತೆಗೆಸಿಬಿಡಪ್ಪ. ನನ್ ಸೊಸೆಗೆ ಹುಚ್ಚು ಹಿಡೀತದೆ" ಎಂದಳು. ಹೊಸ ಡ್ರೈವರು ಗಡಿಯಾಚೆಯವನು. ಸಂಗತಿ ತಿಳಿದು ಕೈ ಮುಗಿದು, "ಅಟ್ಲೇ ಅಮ್ಮಾ, ರೇಪೇ ಮಾರುಸ್ತಾನು" ಎಂದು ತೆಲುಗಿನಲ್ಲಿ ಹೇಳಿದ. ಹೇಳಿದ ಹಾಗೆ ಮರುದಿನವೇ ಬದಲಾಯಿಸಲು ನಮ್ಮ ಅಂಗಡಿಗೆ ಬಂದ. ಬಿಳಿ ಬಲ್ಬನ್ನು ನಾನೇ ತೆಗೆದುಕೊಟ್ಟೆ.

ಅವತ್ತು ಸಂಜೆ ಬೇಗ ಮನೆಗೆ ಬಂದೆ. ಅತ್ತಿಗೆ ಎಂದಿನಂತೆ ಮೊರ ಹಿಡಿದು ಕೂತಿದ್ದರು. ಕಟ್ಟೆಯ ಮೇಲೆ ಬಿಳಿ ದೀಪಗಳು ಬಂದವು, ಹೋದವು. ಅತ್ತಿಗೆ ಏಳಲಿಲ್ಲ. ನಾವು ಬಯಸಿದ್ದೂ ಅದನ್ನೇ ಅಲ್ಲವೇ? ಕತ್ತಲಾಗುತ್ತ ಬಂತು. ಒಲೆ ಹೊತ್ತಿಸುವ ಮಾತನ್ನು ಯಾರೂ ಎತ್ತಲಿಲ್ಲ. ಸುಮ್ಮನಿರಲಾರದೆ ನನ್ನನ್ನು ಕೇಳಿದ್ದು ದೀಪ ತೆಗೆಸಿದ್ದ ಅಮ್ಮನೇ.

"ಲಾರಿ ಇನ್ನೂ ಬರ್ಲಿಲ್ವೇನೋ?"

ನನಗಿಂತ ಮೊದಲು ಅತ್ತಿಗೆ ಉತ್ತರ ಕೊಟ್ಟರು. "ಬಂದು ಹೋಯ್ತು ಅತ್ತೆ. ಲಾರಿ ಒಂದೇ ಹೋಯ್ತು."

ಅಮ್ಮ ಗೋಳೋ ಎಂದಳು. ಅತ್ತಿಗೆ ಅವಳ ತಲೆಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. ಆಗ ಅವರೂ ಅತ್ತರು. ಹುಚ್ಚು ಅವರಿಗೆ ಯಾವತ್ತೂ ಹಿಡಿದಿರಲಿಲ್ಲ. ಮಗನಿಗಾಗಿ ಎಸರಿಡುವ ಒಂದು ಕೈಯಾದರೂ ಮನೆಯಲ್ಲಿರಲಿ ಎಂಬ ಆಸೆ ಅಮ್ಮನಿಗೂ ಇತ್ತು, ಆ ಕೈ ನಿಂತ ಮೇಲೆಯೇ ಅದು ಅವಳಿಗೆ ತಿಳಿದದ್ದು.

ಅಮ್ಮ ಹೋಗಿ ಬಹಳ ಕಾಲವಾಯಿತು. ಅತ್ತಿಗೆ ಈಗ ಕೋಲಾರದಲ್ಲಿ ನಮ್ಮ ಜೊತೆಗೇ ಇದ್ದಾರೆ. ಅಡುಗೆಮನೆಯಲ್ಲಿ ಅವರದೇ ಒಂದು ಕಾನೂನು. ಊಟಕ್ಕೆ ಬರುವವರು ಹೊಸಿಲು ದಾಟಿ, ಕಾಲು ತೊಳೆದು ಕಣ್ಣೆದುರು ನಿಲ್ಲುವವರೆಗೆ ಎಸರಿಡುವುದಿಲ್ಲ. "ಮುಳಬಾಗಿಲು ಬಿಟ್ಟೆ, ಮಾಡಿಟ್ಟಿರಿ" ಎಂದು ಫೋನು ಮಾಡಿದರೆ, "ಮೊದ್ಲು ನೀನು ಬಾಪ್ಪಾ" ಎನ್ನುತ್ತಾರೆ. ಹಸಿದು ಬಂದು ಕಾಯುವಾಗ ನಾನು ಎಷ್ಟೋ ಸಲ ರೇಗಿದ್ದೇನೆ. ಮನೆಗೆ ಗ್ಯಾಸು ಬಂದರೂ ನಮ್ಮ ಊಟ ಹೊತ್ತಿಗೆ ಸರಿಯಾಗಿ ಆಗುವುದಿಲ್ಲ ಎಂದು ಹಂಗಿಸಿದ್ದೂ ಇದೆ.

ಹೋದ ವಾರ ಗ್ಯಾರೇಜಿನಿಂದ ಬಂದವನು ಕಾಲು ತೊಳೆದುಕೊಂಡು ಅಡುಗೆಮನೆಯ ಬಾಗಿಲಲ್ಲಿ ಕೂತೆ. ಅತ್ತಿಗೆ ನನ್ನನ್ನು ಒಮ್ಮೆ ಪೂರ್ತಿ ನೋಡಿ, ಆಮೇಲೆ ಒಲೆ ಹಚ್ಚಿದರು.

"ಹಸಿವಾಯ್ತೇನಪ್ಪಾ?"

"ಇಲ್ಲ ಅತ್ತಿಗೆ. ನಿಧಾನಕ್ಕಾಗ್ಲಿ."

ಎಸರು ಕುದಿಯುವವರೆಗೆ ನಾನು ಅಲ್ಲಿಂದ ಏಳಲಿಲ್ಲ.