ಚಪ್ಪಲಿ ನೋಡಿ ಜನ ಎಣಿಸುತ್ತಿದ್ದವರು

ಮೊನ್ನೆ ನಂತೂರಿನ ನಮ್ಮ ಆಫೀಸಿನಲ್ಲಿ ಯುಪಿಎಸ್‌ನ ವಯರ್ ಸ್ವಲ್ಪ ಸುಟ್ಟಿತು. ಹೊಗೆಯೇನೂ ಏಳಲಿಲ್ಲ, ವಾಸನೆ ಮಾತ್ರ. ಎಲೆಕ್ಟ್ರಿಷಿಯನ್ ಬಂದು ಸರಿ ಮಾಡಿದ, ಎಲ್ಲರೂ ಮತ್ತೆ ಕೆಲಸಕ್ಕೆ ಕೂತರು. ನನ್ನ ಮೂಗಿನಿಂದ ಮಾತ್ರ ಆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಹೋಗಲೇ ಇಲ್ಲ. ಕದ್ರಿಯ ಹಳೆಯ ಆಫೀಸಿನ ಸೆಕ್ಯುರಿಟಿ ಅಂಕಲ್ ನೆನಪಾದರು...

ಅದು ಕಟ್ಟಡಗಳ ನಕ್ಷೆ ಬಿಡಿಸುವ ಆಫೀಸು, ಎರಡನೇ ಮಾಳಿಗೆಯಲ್ಲಿ. ನಾವು ಹದಿನಾಲ್ಕು ಜನ. ಬೆಂಕಿ ಬಿದ್ದರೆ ಜನ ಯಾವ ಕಡೆಯಿಂದ ಇಳಿಯಬೇಕೆಂದು ಊರಿನವರಿಗೆಲ್ಲ ಗೆರೆ ಎಳೆದು ಕೊಡುತ್ತಿದ್ದ ನಮಗೆ ಇದ್ದದ್ದು ಒಂದೇ ಬಾಗಿಲು. ಅದಕ್ಕೆ ತಾಗಿಕೊಂಡೇ ಚಪ್ಪಲಿ ಸ್ಟ್ಯಾಂಡು. ಒಳಗೆ ಬಿಳಿ ಟೈಲ್ಸು, ದೇವರ ಪಟ. ಚಪ್ಪಲಿ ಹಾಕಿಕೊಂಡು ಒಳಗೆ ಬಂದರೆ ಬಾಸ್‌ಗೆ ಆಗುತ್ತಿರಲಿಲ್ಲ.

ಅಂಕಲ್ ಕೂಳೂರಿನವರು, ಮನೆಮಾತು ಕೊಂಕಣಿ. ಗಲ್ಫಿನ ತೈಲ ಕಂಪನಿಯೊಂದರ ಬೆಂಕಿ ಆರಿಸುವ ವಿಭಾಗದಲ್ಲಿ ವರ್ಷಗಟ್ಟಲೆ ದುಡಿದು ಬಂದವರು, ಮನೆಯಲ್ಲಿ ಸುಮ್ಮನೆ ಕೂರಲಾಗದೆ ಈ ಕೆಲಸ ಹಿಡಿದಿದ್ದರು. ಗೇಟಿನಿಂದ ಮೇಲೆ ಬಂದು ಸ್ಟ್ಯಾಂಡಿನತ್ತ ಒಮ್ಮೆ ಕಣ್ಣು ಹಾಯಿಸಿದರೆ ಸಾಕು, ಯಾರು ಒಳಗಿದ್ದಾರೆ, ಯಾರು ಚಹಾಕ್ಕೆ ಹೋಗಿದ್ದಾರೆ ಎಂದು ಹೇಳಿಬಿಡುತ್ತಿದ್ದರು. ಒಂದು ದಿನವೂ ತಪ್ಪಿದ್ದಿಲ್ಲ. ಅದರ ಬಗ್ಗೆ ಅವರಿಗೆ ಸಣ್ಣ ಜಂಬವೂ ಇತ್ತು.

ಬೆಂಕಿ ಎಂದ ಕೂಡಲೇ ಕೈಯಲ್ಲಿದ್ದದ್ದನ್ನು ಬಿಟ್ಟು ಇಳಿಯಬೇಕು, ಇಳಿದವರೆಲ್ಲ ಗೇಟಿನ ಹತ್ತಿರವೇ ನಿಲ್ಲಬೇಕು, ಹೊರಗೆ ಬಂದವರು ಏನೇ ಆದರೂ ಮತ್ತೆ ಒಳಗೆ ಹೋಗಬಾರದು. ಇದನ್ನು ಅವರು ಎಷ್ಟು ಸಲ ಹೇಳಿದ್ದರೋ. ನಾವು ತಮಾಷೆ ಮಾಡುತ್ತಿದ್ದೆವು, "ಅಂಕಲ್, ಇದು ಕುವೈತ್ ಅಲ್ಲ, ಕದ್ರಿ!" ಸ್ಟ್ಯಾಂಡನ್ನು ಬಾಗಿಲಿನಿಂದ ಆಚೆ ಸರಿಸಿ ಎಂದು ಬಾಸ್‌ಗೂ ಹೇಳಿದರು. ಬಾಸ್ "ನೋಡುವ" ಎಂದರು. ಆ "ನೋಡುವ" ಎರಡು ವರ್ಷ ನಡೆಯಿತು.

ಬೆಂಕಿ ಹತ್ತಿಕೊಂಡದ್ದು ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಏಸಿಯ ವಯರಿನಿಂದ. ಕರೆಂಟು ಹೋಯಿತು, ಹೊಗೆ ತುಂಬಿತು, ಎಲ್ಲರೂ ಬಾಗಿಲಿಗೆ ಓಡಿದೆವು. ಓಡಿದವರು ಅಲ್ಲಿ ನಿಂತು ಮಾಡಿದ್ದೇನು? ಚಪ್ಪಲಿ ಹುಡುಕಿದ್ದು! ಒಬ್ಬರು ಬಗ್ಗಿ ಬೆಲ್ಟು ಹಾಕುತ್ತಿದ್ದಾರೆ, ಹಿಂದಿನವರು ಕೆಮ್ಮುತ್ತಾ ದೂಡುತ್ತಿದ್ದಾರೆ. ಅಂಕಲ್ ಕೆಳಗಿನಿಂದ ಓಡಿ ಬಂದು ಬೊಬ್ಬೆ ಹೊಡೆದರು.

"ಚಪ್ಪಲಿ ಎಂತಕ್ಕೆ ಮಾರಾಯ್ರೇ! ಕಾಲಿಗೆ ಮುಳ್ಳು ಚುಚ್ಚಿದ್ರೆ ತೆಗೀಬಹುದು, ಇಳೀರಿ!"

ನಾನು ನನ್ನ ಹೊಸ ಕೆಂಪು ಸ್ಯಾಂಡಲ್ ಅಲ್ಲೇ ಬಿಟ್ಟು ಬರಿಗಾಲಲ್ಲಿ ಇಳಿದೆ. ಅವರ ಒಂದು ಮಾತನ್ನು ಕೇಳಿದೆ, ಇನ್ನೊಂದನ್ನು ಕೇಳಲಿಲ್ಲ. ಗೇಟಿನ ಹತ್ತಿರ ನೆಲ ಬಿಸಿಲಿಗೆ ಕಾದು ಕೆಂಡವಾಗಿತ್ತು, ಪಾದ ಊರಲಾಗಲಿಲ್ಲ. ರಸ್ತೆ ದಾಟಿ ಎದುರಿನ ಅಂಗಡಿಯ ನೆರಳಿಗೆ ಹೋದೆ. ಬಾಯಿ ಒಣಗಿತ್ತು, ಒಂದು ಸೋಡಾ ತೆಗೆದುಕೊಂಡೆ.

ಆ ಹೊತ್ತಿಗೆ ಗೇಟಿನ ಹತ್ತಿರ ಅಂಕಲ್ ಎಣಿಸಿದ್ದಾರೆ. ಹದಿಮೂರು. ಯಾರಿಲ್ಲವೆಂದು ನೋಡಿದ್ದಾರೆ, ನಾನಿಲ್ಲ. ಮೇಲೆ ಹೋದರೆ ಸ್ಟ್ಯಾಂಡಿನಲ್ಲಿ ನನ್ನ ಕೆಂಪು ಸ್ಯಾಂಡಲ್. ಒಳಗೆ ಹೋಗಬಾರದು ಎಂದು ನಮಗೆ ಹೇಳಿ ಹೇಳಿ ಸಾಕಾದ ಮನುಷ್ಯ, ನನ್ನ ಹೆಸರು ಕೂಗುತ್ತಾ ಒಳಗೆ ಹೋದರು.

ಅಗ್ನಿಶಾಮಕ ದಳದವರು ಅವರನ್ನು ಎತ್ತಿ ತರುವುದನ್ನು ನಾನು ರಸ್ತೆಯಾಚೆಯಿಂದ ನೋಡಿದೆ. ಬಾಟಲಿ ಅಂಗಡಿಯಲ್ಲೇ ಇಟ್ಟು ಮೆಲ್ಲನೆ ಬಂದು ಗುಂಪಿನಲ್ಲಿ ಸೇರಿಕೊಂಡೆ. ಗಡಿಬಿಡಿಯಲ್ಲಿ ಯಾರೂ ಗಮನಿಸಲಿಲ್ಲ.

ಎರಡು ವಾರ ಬಿಟ್ಟು ಆಸ್ಪತ್ರೆಗೆ ಹೋದೆ. ಹೊಗೆ ಅವರ ಶ್ವಾಸಕೋಶ ಹಾಳು ಮಾಡಿತ್ತು, ಎರಡು ಶಬ್ದ ಆಡಿದರೆ ಏದುಸಿರು. ಹೆಂಡತಿ ಪಕ್ಕದಲ್ಲಿ ಕೂತು ಮೂಸಂಬಿ ಸುಲಿಯುತ್ತಿದ್ದರು.

"ನೀನು ಆಗ ಎಲ್ಲಿ ಇದ್ದದ್ದು ಮಾರಾಯ್ತಿ?" ಎಂದು ಅಂಕಲ್ ಕೇಳಿದರು. ಸಿಟ್ಟೇನೂ ಇರಲಿಲ್ಲ.

"ಗೇಟಿನ ಹತ್ತಿರವೇ ಇದ್ದೆ ಅಂಕಲ್... ಹಿಂದೆ. ನಿಮಗೆ ಕಾಣಲಿಲ್ಲ ಅಂತ ಕಾಣ್ತದೆ."

ಅಂಕಲ್ ದಿಂಬಿಗೆ ಒರಗಿದರು. "ಹಾಗಾದ್ರೆ ಲೆಕ್ಕ ತಪ್ಪಿದ್ದು ನನ್ನದೇ," ಎಂದರು. "ಪ್ರಾಯ ಆಯ್ತು."

ಮತ್ತೆ ಅವರು ಕೆಲಸಕ್ಕೆ ಬರಲಿಲ್ಲ. ಮರು ವರ್ಷ ತೀರಿಕೊಂಡರು.

ಈಗಿನ ಆಫೀಸಿನಲ್ಲಿ ಆಗಾಗ ಬೆಂಕಿಯ ಡ್ರಿಲ್ ಮಾಡಿಸುತ್ತಾರೆ. ಇಳಿದವರು ಫೋನ್ ನೋಡುತ್ತಾ ಅತ್ತಿತ್ತ ಹೋದರೆ ನಾನು ಬೈಯುತ್ತೇನೆ. ಬೆನ್ನ ಹಿಂದೆ ನನ್ನನ್ನು ಹೆಡ್‌ಮಿಸ್ ಅನ್ನುತ್ತಾರಂತೆ, ಅನ್ನಲಿ. ಕೂಳೂರು ದಾಟಿ ಹೋಗುವಾಗಲೆಲ್ಲ ಇಳಿದು ಅವರ ಹೆಂಡತಿಗಾದರೂ ನಿಜ ಹೇಳಬೇಕು ಅಂದುಕೊಳ್ಳುತ್ತೇನೆ. ಬಸ್ಸು ನಿಲ್ಲುತ್ತದೆ, ನಾನು ಇಳಿಯುವುದಿಲ್ಲ. ನಾಚಿಕೆ, ಮತ್ತೇನಲ್ಲ. ಹೇಳಬೇಕಾಗಿದ್ದದ್ದು ಅಂಕಲ್‌ಗೆ, ಅವರು ಇಲ್ಲ... ಅಂಕಲ್ ಲೆಕ್ಕ ತಪ್ಪಿರಲಿಲ್ಲ. ಅಂದು ಗೇಟಿನ ಹತ್ತಿರ ಇದ್ದದ್ದು ಹದಿಮೂರೇ ಜನ.